ದುಃಖ ಕೇಳಲು ಬಂದವರು

ಹೋದ ತಿಂಗಳು ತಿರುವೊಟ್ಟಿಯೂರಿನಲ್ಲಿ ಒಂದು ನಾಮಕರಣಕ್ಕೆ ಹೋಗಬೇಕಾಗಿ ಬಂತು. ಮಗಳು ಕಾರು ಓಡಿಸುತ್ತಿದ್ದಳು. ಎಣ್ಣೂರು ರಸ್ತೆಗೆ ತಿರುಗಿದ್ದೇ ತಡ, ಗಾಜು ಏರಿಸಿದ್ದರೂ ಆ ವಾಸನೆ ಒಳಗೆ ಬಂದುಬಿಟ್ಟಿತು. ಒಣಮೀನು, ಸುಟ್ಟ ಎಣ್ಣೆ, ಹೊಗೆ, ಉಪ್ಪುಗಾಳಿ ಎಲ್ಲ ಕಲಸಿದ ವಾಸನೆ. "ಐಯೋ, ಎನ್ನ ನಾತ್ತಂಮಾ ಇದು" ಎಂದು ಮಗಳು ಮೂಗು ಮುಚ್ಚಿಕೊಂಡಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ತಮಿಳಿನಲ್ಲೇ. ಬೈದು ಬೈದು ನನಗೇ ಸಾಕಾಗಿದೆ. "ಮೂಗು ಮುಚ್ಕೊಂಡೇ ಓಡ್ಸು. ಇದೇ ವಾಸನೆ ಕುಡ್ಕೊಂಡು ನಿಂಗೆ ಸ್ಕೂಲ್ ಫೀಸ್ ಕಟ್ಟಿದ್ದು ನಾನು" ಎಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆ ವಾಸನೆಗೆ ನನ್ನ ಮಟ್ಟಿಗೆ ಒಂದೇ ಒಂದು ಮಳೆಗಾಲ ಅಂಟಿಕೊಂಡಿದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು. ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ, ಮಂಡ್ಯ ಬಿಟ್ಟು ಬಂದು ಪುರಸವಾಕ್ಕಂನಲ್ಲಿ ಮನೆ ಮಾಡಿದ್ದೆವು. ನನಗೆ ಎಣ್ಣೂರು ರಸ್ತೆಯ ಒಂದು ಡೆನ್ಮಾರ್ಕ್ ಕಂಪನಿಯಲ್ಲಿ ಪರ್ಸೊನೆಲ್ ಆಫೀಸರ್ ಕೆಲಸ ಸಿಕ್ಕಿತ್ತು. ಹಡಗುಗಳಿಗೆ ಬೇಕಾದ ವಾಲ್ವುಗಳನ್ನು ಅಲ್ಲಿ ಮಾಡುತ್ತಿದ್ದರು. ಪರ್ಸೊನೆಲ್ ಆಫೀಸರ್ ಎಂದರೆ ದೊಡ್ಡ ಹುದ್ದೆ ಎಂದು ಊರಿನಲ್ಲಿ ಎಲ್ಲರೂ ತಿಳಿದಿದ್ದರು. ನಿಜ ಹೇಳಬೇಕೆಂದರೆ ರಜೆ, ಜಗಳ, ಹೆರಿಗೆ, ಸಾವು, ಕ್ಯಾಂಟೀನಿನ ಸಾಂಬಾರು ನೀರಾಗಿದೆ ಎಂಬ ದೂರು, ಇವೆಲ್ಲ ನನ್ನ ಮೇಜಿಗೆ ಬಂದು ಬೀಳುತ್ತಿದ್ದವು. ಇದರ ಮೇಲೆ ಡೆನ್ಮಾರ್ಕಿನಿಂದ ಬಂದ ಡೈರೆಕ್ಟರ ಮಾತನ್ನು ಕೆಲಸದವರಿಗೆ ತಮಿಳಿನಲ್ಲಿ ಹೇಳಬೇಕು, ಕೆಲಸದವರ ಮಾತನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಬೇಕು. ಎರಡು ಕಡೆಯ ಕೋಪವೂ ಮೊದಲು ನನ್ನ ಮುಖದ ಮೇಲೆ ಬಿದ್ದು ಆಮೇಲೆ ಮುಂದೆ ಹೋಗುತ್ತಿತ್ತು.

ಡೈರೆಕ್ಟರ ಹೆಸರು ಹೆನ್ರಿಕ್. ಕೆಟ್ಟ ಮನುಷ್ಯರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಯಾಂಟೀನಿನಲ್ಲಿ ಎಲ್ಲರ ಜೊತೆ ಸಾಲಿನಲ್ಲಿ ನಿಂತು ತಟ್ಟೆ ಹಿಡಿಯುತ್ತಿದ್ದರು, ತಿಂದ ತಟ್ಟೆ ತಾವೇ ತೊಳೆಯುತ್ತಿದ್ದರು. ಸಾರ್ ಅನ್ನಬೇಡಿ, ಹೆನ್ರಿಕ್ ಅನ್ನಿ ಎಂದು ಸ್ವೀಪರಿಗೂ ಹೇಳಿದ್ದರು. ಕೆಲಸದವರು ಒಪ್ಪಿ ಹೆನ್ರಿ ಸಾರ್ ಎಂದು ಕರೆದರು. ಆದರೆ ಅವರ ತಲೆಯಲ್ಲಿ ಒಂದು ಮಾತು ಗೂಟ ಹೊಡೆದ ಹಾಗೆ ಕೂತಿತ್ತು. ಇಲ್ಲಿಗೆ ಬರುವ ಮುಂಚೆ ಅವರ ದೇಶದಲ್ಲಿ ಭಾರತದವರ ಜೊತೆ ವ್ಯವಹರಿಸುವುದು ಹೇಗೆ ಎಂದು ಪಾಠ ಮಾಡಿದ್ದರಂತೆ. ಎಡಗೈಯಲ್ಲಿ ಏನೂ ಕೊಡಬೇಡಿ, ದನದ ಮಾಂಸದ ಮಾತು ಎತ್ತಬೇಡಿ, ಅಲ್ಲಿಯ ಜನ ನಿಜವನ್ನು ನೇರವಾಗಿ ಹೇಳುವುದಿಲ್ಲ, ರಜೆ ಬೇಕಾದರೆ ಮನೆಯಲ್ಲಿ ಯಾರನ್ನಾದರೂ ಸಾಯಿಸುತ್ತಾರೆ. ಮೊದಲ ಎರಡನ್ನು ಅವರು ಬೇಗ ಮರೆತರು. ಕೊನೆಯದನ್ನು ಮರೆಯಲಿಲ್ಲ.

ಮರೆಯಲು ನಮ್ಮ ರಾಯರು ಬಿಡಬೇಕಲ್ಲ! ರಾಯರು ಅಕೌಂಟ್ಸ್ ಮುಖ್ಯಸ್ಥರು. ಅವರ ಮುತ್ತಾತನ ಕಾಲದಿಂದ ಟ್ರಿಪ್ಲಿಕೇನಿನಲ್ಲೇ ಇರುವ ಮಾಧ್ವರ ಮನೆತನ. ಆಫೀಸಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಕನ್ನಡ ಅಂದರೆ, ಅರ್ಧ ತಮಿಳು. "ಏನ್ರೀ, ಇವತ್ತು ಯಾರ ಪಾಟಿ ಹೋದ್ಲು? ಹೋದ ತಿಂಗಳೇ ಹೋದ್ಲಲ್ಲ ಅವ್ಳು, ತಿರುಂಬಿ ಬಂದ್ಲಾ?" ಎಂದು ರಜೆಯ ಅರ್ಜಿ ಕಂಡಾಗಲೆಲ್ಲ ನಗುವುದು, ಅದನ್ನೇ ಹೆನ್ರಿಕ್ ಮುಂದೆ ಇಂಗ್ಲಿಷಿನಲ್ಲಿ ಹೇಳಿ ಅವರನ್ನೂ ನಗಿಸುವುದು. ಪಾಟಿ ಎಂದರೆ ಅಜ್ಜಿ. ಹೊರಗಿನವರು ನಮ್ಮನ್ನು ಹೀಗಳೆದರೆ ಒಂದು ಥರ, ನಮ್ಮವರೇ ಸೌದೆ ಒಟ್ಟಿ ಕೊಟ್ಟರೆ ಏನು ಹೇಳುವುದು? ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ಮಳೆ ದೀಪಾವಳಿ ಹೊತ್ತಿಗೆ ಹಿಡಿದದ್ದು ಬಿಡಲೇ ಇಲ್ಲ. ಸಮುದ್ರದ ಕಡೆಯಿಂದ ಮೋಡ ಬಂದರೆ ಮಧ್ಯಾಹ್ನಕ್ಕೇ ದೀಪ ಹಾಕಬೇಕು. ರಸ್ತೆಯಲ್ಲಿ ಕಂಟೈನರ್ ಲಾರಿಗಳ ಸಾಲು, ನಡುವೆ ಮೊಣಕಾಲುದ್ದ ಕಪ್ಪು ನೀರು. ಕೆಲಸದವರು ಒದ್ದೆ ಬಟ್ಟೆಯಲ್ಲೇ ಬಂದು ಒದ್ದೆ ಬಟ್ಟೆಯಲ್ಲೇ ಹೋಗುತ್ತಿದ್ದರು. ಒಣಗದ ಬಟ್ಟೆಯ ಮುಗ್ಗಲು ವಾಸನೆ ಕಾರ್ಖಾನೆ ತುಂಬ. ಯಾರ ಮುಖದಲ್ಲೂ ಗೆಲುವಿರಲಿಲ್ಲ.

ಅಂಥದ್ದರಲ್ಲಿ ಧನಶೇಖರ ತಲೆ ಮೀಸೆ ಬೋಳಿಸಿಕೊಂಡು ಕೆಲಸಕ್ಕೆ ಮರಳಿದ. ವಾಲ್ವುಗಳನ್ನು ಪರೀಕ್ಷೆ ಮಾಡುವ ವಿಭಾಗದಲ್ಲಿ ಅವನು ಫಿಟ್ಟರ್, ಮೂವತ್ತರ ಆಸುಪಾಸಿನ ಹುಡುಗ, ಮಾತು ಕಡಿಮೆ. ತಂದೆ ತೀರಿಕೊಂಡರು ಎಂದು ರಜೆ ಹಾಕಿ, ಹದಿನಾರನೆಯ ದಿನದ ಕರ್ಮ ಮುಗಿಸಿ ಬಂದಿದ್ದ. ತಂದೆ, ತಾಯಿ, ಹೆಂಡತಿ, ಮಕ್ಕಳು ಸತ್ತರೆ ಕಂಪನಿಯಲ್ಲಿ ಸಂಬಳದ ಸಮೇತ ಅಷ್ಟು ರಜೆ ಇತ್ತು. ಬೇರೆ ಯಾರು ಸತ್ತರೂ ಇರಲಿಲ್ಲ. ರಾಯರು ಅವನ ಕಾಗದಪತ್ರ ತೆಗೆದು ನೋಡಿದರೆ, ಕೆಲಸಕ್ಕೆ ಸೇರುವಾಗಲೇ ತಂದೆ ಇಲ್ಲ ಎಂದು ಬರೆಸಿದ್ದ.

"ನೋಡ್ರೀ ಕೂತ್ತು, ನಾಟಕ! ಒಂದೇ ಅಪ್ಪನ್ನ ಎರಡು ಸಲ ಸಾಯ್ಸಿದಾನೆ" ಎಂದು ರಾಯರು ಕುಣಿದರು.

ಧನಶೇಖರನನ್ನು ಕರೆದು ಕೇಳಿದೆ. ಹೆತ್ತ ತಂದೆ ಅವನು ಕೂಸಾಗಿದ್ದಾಗಲೇ ಸಮುದ್ರದಲ್ಲಿ ಹೋದರಂತೆ. ಸಾಕಿದವರು ತಂದೆಯ ಅಣ್ಣ, ಪೆರಿಯಪ್ಪ. ನಮ್ಮಲ್ಲಿ ದೊಡ್ಡಪ್ಪ ಅನ್ನುತ್ತೇವಲ್ಲ, ಅವರು. ಅವರಿಗೆ ಮಕ್ಕಳಿಲ್ಲ. ಕೊಳ್ಳಿ ಇಟ್ಟವನು, ತಲೆ ಬೋಳಿಸಿಕೊಂಡವನು ಇವನೇ. "ಪೆರಿಯಪ್ಪ ಅಂತ ಬರೆದ್ರೆ ರಜೆ ಇಲ್ಲ ಅಂತ ಅಲ್ಲ ಮೇಡಂ ನಾನು ಹಾಗೆ ಬರೆದದ್ದು. ಅಪ್ಪ ಅಂತ ಕರೆದವರು ಅವರೊಬ್ಬರೇ. ಬೇರೆ ಏನಂತ ಬರೀಲಿ?" ಎಂದ. ಅವನ ಕಣ್ಣು ಒದ್ದೆಯಾಗಲಿಲ್ಲ, ನನ್ನ ಕಣ್ಣು ಒದ್ದೆಯಾಯಿತು.

ಹೆನ್ರಿಕ್‌ಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಮರ್ಯಾದೆಯಿಂದ ಕೇಳಿಸಿಕೊಂಡರು. "ದಿನಗಳ ವಿಷಯ ಅಲ್ಲ. ಇನ್ನೂ ಹೆಚ್ಚು ದಿನ ಕೇಳಿದ್ದರೂ ಕೊಡುತ್ತಿದ್ದೆ. ನನಗೂ ಒಬ್ಬರು ದೊಡ್ಡಪ್ಪ ಇದ್ದರು, ಅವರೆಂದರೆ ನನಗೆ ಪ್ರಾಣ. ಆದರೂ ಅವರು ನನ್ನ ತಂದೆ ಅಲ್ಲ. ಸುಳ್ಳು ಯಾಕೆ ಹೇಳಬೇಕು?" ಎಂದರು. ಸುಳ್ಳಲ್ಲ ಎಂದು ನಾನು, ಸುಳ್ಳು ಎಂದು ಅವರು. ಕೊನೆಗೆ ವಿಚಾರಣೆ ಇಟ್ಟರು. ಸುಳ್ಳು ಹೇಳಿ ರಜೆ ಪಡೆದದ್ದು ಸಾಬೀತಾದರೆ ಕೆಲಸ ಹೋಗುತ್ತಿತ್ತು. ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಯೂನಿಯನ್ನಿನವರು ಗೇಟಿನ ಹತ್ತಿರ ಕಪ್ಪು ಪಟ್ಟಿ ಕಟ್ಟಿಕೊಂಡು ನಿಂತರು, ಕೂಗಾಡಿದರು, ಕೆಲಸ ನಿಧಾನ ಮಾಡಿದರು. ಅದನ್ನೆಲ್ಲ ಕಂಡು ಹೆನ್ರಿಕ್ ಇನ್ನೂ ಬಿಗಿಯಾದರು.

ಆ ವಾರವೇ ಅವರ ತಾಯಿ ತೀರಿಕೊಂಡರು. ಬೆಳಿಗ್ಗೆ ನನ್ನನ್ನು ಕರೆದು, ವಿಮಾನದ ಟಿಕೆಟ್ ಇದೆಯೇ ನೋಡಿ ಎಂದರು. ಮುಖ ಎಂದಿನಂತೆಯೇ ಇತ್ತು. ಯಾರಿಗೆ ಎಂದು ಕೇಳಿದೆ. ಹೇಳಿದರು. ನನಗೆ ಏನು ಮಾಡಬೇಕೋ ತೋಚಲಿಲ್ಲ, ಎದ್ದು ನಿಂತುಬಿಟ್ಟೆ. ಟಿಕೆಟ್ ಇತ್ತು. ಗುರುವಾರ ಮಣ್ಣು ಮಾಡುತ್ತಾರೆ, ಆ ಹೊತ್ತಿಗೆ ತಲುಪಬಹುದಿತ್ತು. ಗುರುವಾರವೇ ಧನಶೇಖರನ ವಿಚಾರಣೆ.

"ವಿಚಾರಣೆ ಮುಂದೆ ಹಾಕೋಣ, ನೀವು ಹೊರಡಿ" ಎಂದೆ.

"ಮುಂದೆ ಹಾಕಿದರೆ ಏನು ಕಾರಣ ಕೊಡಲಿ? ನನ್ನ ಮನೆಯಲ್ಲೂ ಒಬ್ಬರು ಸತ್ತರು ಅಂತಲೇ? ಅವರೆಲ್ಲ ನಗುತ್ತಾರೆ. ನಾನೇ ಸಾವಿನ ನೆಪ ಹೇಳಿ ಓಡಿಹೋದರೆ ಅವನನ್ನು ಪ್ರಶ್ನೆ ಕೇಳಲು ನನಗೆ ಯಾವ ಮುಖ ಉಳಿಯುತ್ತೆ?" ಎಂದರು.

"ಯಾರೂ ನಗೋದಿಲ್ಲ. ದೇವರಾಣೆ ಯಾರೂ ನಗೋದಿಲ್ಲ" ಎಂದೆ. ಅವರು "ಅಲ್ಲಿ ನನ್ನ ಅಕ್ಕ ಇದ್ದಾಳೆ, ನೋಡಿಕೊಳ್ಳುತ್ತಾಳೆ. ದಯವಿಟ್ಟು ಯಾರಿಗೂ ಹೇಳಬೇಡಿ. ಇದು ನನ್ನ ಸ್ವಂತ ವಿಷಯ" ಎಂದು ಎದುರಿಗಿದ್ದ ಕಾಗದಗಳನ್ನು ಎತ್ತಿಕೊಂಡರು. ಹೊರಗೆ ಬಂದು ನನ್ನ ಕುರ್ಚಿಯಲ್ಲಿ ಕೂತವಳಿಗೆ ಏನೂ ಮಾಡಲು ಕೈ ಓಡಲಿಲ್ಲ. ಇಂಥ ಹಟಕ್ಕೆ ಏನೆನ್ನಬೇಕು? ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಯ್ಯೋ ಅನ್ನಿಸಿತು.

ಗುರುವಾರ ಮಧ್ಯಾಹ್ನದ ಮೇಲೆ ಕರೆಂಟ್ ಹೋಗಿ, ಜನರೇಟರಿನ ಗುಡುಗುಡು ಸದ್ದಿನಲ್ಲಿ ವಿಚಾರಣೆ ನಡೆಯಿತು. ಮೇಜಿನ ಆ ಬದಿಗೆ ಹೆನ್ರಿಕ್ ಮತ್ತು ರಾಯರು, ಈ ಬದಿಗೆ ಧನಶೇಖರ, ನಡುವೆ ನಾನು.

"ನಿಮ್ಮ ತಂದೆ ತೀರಿಕೊಂಡದ್ದು ಯಾವಾಗ?" ಎಂದು ಹೆನ್ರಿಕ್ ಕೇಳಿದರು.

"ಐಪ್ಪಸಿ ತಿಂಗಳಲ್ಲಿ ಸಾರ್, ಈಗ."

"ಹಾಗಾದರೆ ಕೆಲಸಕ್ಕೆ ಸೇರುವಾಗ ತಂದೆ ಇಲ್ಲ ಎಂದು ಬರೆಸಿದ್ದೀರಲ್ಲ, ಅದು?"

"ಅದೂ ನಿಜ ಸಾರ್."

"ಎರಡೂ ಹೇಗೆ ನಿಜ?"

ಧನಶೇಖರ ನನ್ನ ಮುಖ ನೋಡಿದ. "ಮೇಡಂ, ನೀವು ಹೇಳಿಲ್ವಾ ಅವರಿಗೆ?" ಎಂದು ಮೆಲ್ಲಗೆ ಕೇಳಿದ. ಹೇಳಿದ್ದೇನಪ್ಪ ಎಂದೆ. "ಹೇಳಿದ ಮೇಲೂ ಕೇಳ್ತಾರಾ?" ಎಂದು ತಲೆ ತಗ್ಗಿಸಿದವನು ಮತ್ತೆ ಯಾವ ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಉತ್ತರ ಕೊಡದಿರುವುದನ್ನು ತಪ್ಪೊಪ್ಪಿಗೆ ಎಂದು ರಾಯರು ಬರೆದುಕೊಂಡರು. ಅಷ್ಟು ಹೊತ್ತೂ ಹೆನ್ರಿಕ್ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಗಿ ಹೋಗಿ ಬರುತ್ತಿತ್ತು. ಅಲ್ಲಿ ದೂರದಲ್ಲಿ ಅವರ ತಾಯಿಯನ್ನು ಹೂಳುವ ಹೊತ್ತು ಅದು ಎಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ತೀರ್ಮಾನ ಸೋಮವಾರ ಎಂದು ಹೇಳಿ ಎದ್ದರು. ಆಮೇಲೆ ಕ್ಯಾಂಟೀನಿಗೆ ಹೋಗಿ ಸಂಜೆಯ ತಿಂಡಿ ತಿಂದರು. ತಟ್ಟೆಯನ್ನೂ ತೊಳೆದಿಟ್ಟರು.

ನನ್ನ ಬಾಯಿಂದ ವಿಷಯ ಹೊರಗೆ ಹೋಗಲಿಲ್ಲ. ಹೋದದ್ದು ಅವರ ಕಾರಿನ ಡ್ರೈವರ್ ಮುನುಸಾಮಿಯಿಂದ. ಅದೇ ದಿನ ಮನೆಗೆ ಹೋಗುವ ದಾರಿಯಲ್ಲಿ ಸಮುದ್ರದ ಪಕ್ಕ ಕಾರು ನಿಲ್ಲಿಸು ಎಂದರಂತೆ. ಮಳೆಯಲ್ಲಿ ಇಳಿದು ಕಲ್ಲಿನ ಮೇಲೆ ಕೂತರಂತೆ. ಮುನುಸಾಮಿ ಕೊಡೆ ಹಿಡಿದುಕೊಂಡು ಹೋಗಿ ನೋಡಿದರೆ ಭುಜ ಅಲುಗುತ್ತಿತ್ತಂತೆ. ಕಾರಿಗೆ ಬಂದ ಮೇಲೆ, ನಿನ್ನ ತಾಯಿ ಇದ್ದಾರಾ ಎಂದು ಕೇಳಿದರಂತೆ. ಇದ್ದಾರೆ ಸಾರ್ ಎಂದರೆ, ನನ್ನ ತಾಯಿ ಇಲ್ಲ, ಈ ಮಂಗಳವಾರ ಹೋದರು ಎಂದರಂತೆ. ಅಷ್ಟೇ ಮಾತು. ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಮುನುಸಾಮಿಗೆ ಆಗಲಿಲ್ಲ, ಯಾರಿಗೆ ತಾನೇ ಆಗುತ್ತೆ?

ಭಾನುವಾರ ಬೆಳಿಗ್ಗೆ ನನ್ನ ಮನೆಯ ಫೋನು ಹೊಡೆದುಕೊಂಡಿತು. ಹೆನ್ರಿಕ್. "ಅವರೆಲ್ಲ ನನ್ನ ಮನೆಗೆ ಬಂದಿದ್ದಾರೆ. ತುಂಬ ಜನ. ಅವನೇ ಮುಂದೆ ನಿಂತಿದ್ದಾನೆ. ಮಾತಾಡುತ್ತಿಲ್ಲ, ಹೋಗುತ್ತಲೂ ಇಲ್ಲ. ನೀವು ಬೇಗ ಬನ್ನಿ. ರಾವ್ ಅವರನ್ನು ಕೇಳಿದೆ, ಇದು ಘೇರಾವ್, ಮೊದಲು ಪೊಲೀಸರಿಗೆ ಹೇಳಿ ಅಂದರು. ಹೇಳಿದ್ದೇನೆ" ಎಂದರು. ರಾಯರ ಬುದ್ಧಿಗೆ ಬೆಂಕಿ ಬೀಳ ಎಂದು ಕೈಗೆ ಸಿಕ್ಕ ಸೀರೆ ಸುತ್ತಿಕೊಂಡು ಆಟೋ ಹತ್ತಿದೆ.

ಹೆನ್ರಿಕ್ ಮನೆ ಕೀಲ್ಪಾಕ್‌ನ ಒಂದು ಗಲ್ಲಿಯಲ್ಲಿ, ಮಹಡಿಯ ಮೇಲೆ. ಪುರಸವಾಕ್ಕಂನಿಂದ ದೂರವೇನಲ್ಲ, ಆದರೆ ಅವತ್ತು ನೀರು ತುಂಬಿ ಆಟೋ ತೆವಳಿತು. ಗಲ್ಲಿಯ ತುದಿಗೆ ಹೋಗುವಷ್ಟರಲ್ಲಿ ಪೊಲೀಸ್ ವ್ಯಾನು ಗೇಟಿನ ಮುಂದೆ ನಿಂತಿತ್ತು. ಜನ ಚೆಲ್ಲಾಪಿಲ್ಲಿಯಾಗಿದ್ದರು. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಚಪ್ಪಲಿಗಳು. ಗೇಟಿನ ಹೊರಗೆ ಗೋಡೆಯುದ್ದಕ್ಕೂ, ಮಳೆನೀರಿನಲ್ಲಿ ನೆನೆಯುತ್ತ, ಸಾಲಾಗಿ ಬಿಟ್ಟಿದ್ದ ರಬ್ಬರ್ ಚಪ್ಪಲಿಗಳು. ಘೇರಾವ್ ಮಾಡಲು ಬಂದವರು ಯಾರಾದರೂ ಚಪ್ಪಲಿ ಬಿಟ್ಟು ನಿಲ್ಲುತ್ತಾರೆಯೇ? ಎಲ್ಲರೂ ಬಿಳಿ ಅಂಗಿ, ಬಿಳಿ ವೇಷ್ಟಿ. ಒಂದು ಕಪ್ಪು ಪಟ್ಟಿಯಿಲ್ಲ, ಬಾವುಟವಿಲ್ಲ, ಕೂಗಿಲ್ಲ.

ಮುನುಸಾಮಿ ಅಳುತ್ತ ಓಡಿ ಬಂದ. "ದುಃಖಂ ಕೇಳೋಕೆ ಬಂದ್ವಿ ಮೇಡಂ. ಅವರಿಗೆ ಈ ಊರಲ್ಲಿ ಜನ ಯಾರಿದಾರೆ? ಜಗಳ ಸೋಮವಾರ ಆಡೋಣ, ಇವತ್ತು ಹೋಗಿ ಬರೋಣ ಅಂತ ಧನಶೇಖರನೇ ಎಲ್ಲರನ್ನೂ ಹೊರಡಿಸಿದ್ದು. ಅವನನ್ನೇ ಎಳ್ಕೊಂಡು ವ್ಯಾನಿಗೆ ಹಾಕಿಬಿಟ್ರು" ಎಂದ.

ದುಃಖ ಕೇಳುವುದು ಎಂದರೆ ನಮ್ಮ ಕಡೆ ಮಾತಾಡಿಸಿಕೊಂಡು ಬರುವುದು ಅನ್ನುತ್ತೇವಲ್ಲ, ಅದೇ. ಸಾವಾದ ಮನೆಗೆ ಯಾರೂ ಕರೆಯದೆ ಹೋಗಬೇಕು. ಬಂದೆವು ಎಂದು ಹೇಳುವ ಹಾಗಿಲ್ಲ, ವಣಕ್ಕಂ ಅನ್ನುವ ಹಾಗಿಲ್ಲ. ಸುಮ್ಮನೆ ನಿಲ್ಲಬೇಕು, ಕೂರು ಎಂದರೆ ಕೂರಬೇಕು. ಅದನ್ನೇ ಅವರು ಮಾಡಿದ್ದರು. ವಾಚ್‌ಮನ್ ನೇಪಾಳದ ಕಡೆಯವನು, ಅವನಿಗೆ ಇವರ ಭಾಷೆ ಗೊತ್ತಿಲ್ಲ, ಗೇಟು ತೆಗೆಯಲಿಲ್ಲ. ಇವರು ಮಳೆಯಲ್ಲಿ ಕೈಕಟ್ಟಿಕೊಂಡು ಮೌನವಾಗಿ ಮಹಡಿಯ ಕಡೆ ನೋಡುತ್ತ ನಿಂತರು. ಆ ಮೌನವನ್ನು ಕಂಡೇ ಹೆನ್ರಿಕ್ ಹೆದರಿದ್ದು. ಕೂಗಾಡಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಹೆನ್ರಿಕ್ ತಾಯಿಯ ಫೋಟೋಗೆ ಹಾಕಲು ತಂದ ದೊಡ್ಡ ಗುಲಾಬಿ ಹಾರ ಪೊಲೀಸರ ತಳ್ಳಾಟದಲ್ಲಿ ಹರಿದು ಗಲ್ಲಿಯ ನೀರಿನ ತುಂಬ ದಳಗಳು ತೇಲುತ್ತಿದ್ದವು.

ಮೇಲೆ ಹೋದೆ. ಹೆನ್ರಿಕ್ ಕಿಟಕಿಯ ಪರದೆ ಎಳೆದು ಕೂತಿದ್ದರು. ವಿಷಯ ಹೇಳಿದೆ. ಮೊದಲು ಅವರಿಗೆ ಬಂದದ್ದು ಕೋಪ. "ಅವರಿಗೆ ಹೇಗೆ ಗೊತ್ತಾಯಿತು? ಇದು ನನ್ನ ಸ್ವಂತ ವಿಷಯ ಎಂದು ಹೇಳಿದ್ದೆನಲ್ಲ! ನಮ್ಮಲ್ಲಿ ಇಂಥ ಸಮಯದಲ್ಲಿ ಮನುಷ್ಯನನ್ನು ಒಂಟಿಯಾಗಿ ಬಿಡುತ್ತಾರೆ. ಅದೇ ಗೌರವ" ಎಂದರು.

"ನಮ್ಮಲ್ಲಿ ಒಂಟಿಯಾಗಿ ಬಿಡಬಾರದು. ಅದೇ ಗೌರವ" ಎಂದೆ. ನನಗೂ ಸಿಟ್ಟು ನೆತ್ತಿಗೇರಿತ್ತು.

"ಹಾಗಾದರೆ ನಾನು ಏನು ಮಾಡಬೇಕಾಗಿತ್ತು?"

"ಏನೂ ಇಲ್ಲ. ಬಾಗಿಲು ತೆಗೀಬೇಕಾಗಿತ್ತು. ಅವರು ಒಳಗೆ ಬಂದು ನೆಲದ ಮೇಲೆ ಕೂರ್ತಿದ್ರು. ಸ್ವಲ್ಪ ಹೊತ್ತಾದ ಮೇಲೆ ಹೇಳದೆ ಕೇಳದೆ ಎದ್ದು ಹೋಗ್ತಿದ್ರು."

"ಅಷ್ಟೇ?"

"ಅಷ್ಟೇ."

ಅವರು ಪರದೆ ಸರಿಸಿ ಕೆಳಗೆ ನೋಡಿದರು. ಆಮೇಲೆ ಕೇಳಿದರು, "ನಾಳೆ ಅವನನ್ನು ಕೆಲಸದಿಂದ ತೆಗೆಯುತ್ತೇನೆ ಎಂದು ಅವನಿಗೆ ಗೊತ್ತಿತ್ತಲ್ಲವೇ?" ಗೊತ್ತಿತ್ತು ಎಂದೆ. ಮಳೆಯಂಗಿಯನ್ನೂ ಹಾಕಿಕೊಳ್ಳದೆ ಕೆಳಗಿಳಿದರು.

ಸ್ಟೇಷನ್ನಿನಲ್ಲಿ ಧನಶೇಖರನನ್ನು ಅಂಗಿ ಬಿಚ್ಚಿಸಿ ಗೋಡೆಯ ಪಕ್ಕ ನೆಲದ ಮೇಲೆ ಕೂರಿಸಿದ್ದರು. ಬೋಳುತಲೆಯಿಂದ ನೀರು ಇಳಿಯುತ್ತಿತ್ತು. ಕೆನ್ನೆ ಕೆಂಪಾಗಿತ್ತು. ಕೊಟ್ಟ ದೂರನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಹೆನ್ರಿಕ್ ಹೇಳಿದರೆ ಅಲ್ಲಿಯ ಅಧಿಕಾರಿಗೆ ಆಶ್ಚರ್ಯ, ವಿದೇಶದವರಿಗೆ ತೊಂದರೆಯಾದರೆ ನಮಗೆ ಕೆಟ್ಟ ಹೆಸರು ಎಂದು ಸಂಜೆಯವರೆಗೆ ಎಳೆದರು. ಅಷ್ಟು ಹೊತ್ತೂ ಹೆನ್ರಿಕ್ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಬಿಟ್ಟ ಮೇಲೆ ಅವನ ಮುಂದೆ ಹೋಗಿ ಏನೋ ಹೇಳಲು ಬಾಯಿ ತೆರೆದರು. ಅವನು ಅಂಗಿ ಹಾಕಿಕೊಂಡು, ಅವರ ಪಕ್ಕದಲ್ಲೇ ಹಾದು, ಬರಿಗಾಲಿನಲ್ಲಿ ಹೊರಟುಹೋದ.

ಸೋಮವಾರ ಹೆನ್ರಿಕ್ ವಿಚಾರಣೆಯನ್ನು ರದ್ದು ಮಾಡಿದರು. "ಹೀಗೆ ಬಿಟ್ಟುಕೊಟ್ರೆ ನಾಳೆ ತಲೆ ಮೇಲೆ ಕೂರ್ತಾರೆ" ಎಂದು ರಾಯರು ಹೇಳಲು ಹೋದರು. "ನಿಮಗೆ ದುಃಖ ಕೇಳುವ ಪದ್ಧತಿ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆದರೂ ನೀವು ಪೊಲೀಸ್ ಎಂದಿರಿ" ಎಂದು ಹೆನ್ರಿಕ್ ಧ್ವನಿ ಏರಿಸದೆ ಹೇಳಿದರು. ರಾಯರು ಬೆವರು ಒರೆಸಿಕೊಂಡರು. ಪಾಪ, ಅವರಿಗೂ ಹೊಳೆದಿರಲಿಲ್ಲ ಎಂದು ಈಗ ಅನ್ನಿಸುತ್ತೆ. ದುಃಖ ಕೇಳಲು ಹೋಗುವುದು ಅವರಿಗೆ ಗೊತ್ತು, ವಾಲ್ವು ಬಿಗಿಯುವವರು ದೊರೆಯ ಮನೆಗೆ ಅದಕ್ಕಾಗಿ ಹೋಗಬಹುದು ಎಂಬುದು ಗೊತ್ತಿರಲಿಲ್ಲ. ಸಾಕಿದವರು ಸತ್ತರೂ ಹೆತ್ತವರ ರಜೆಯೇ ಸಿಗಬೇಕು ಎಂದು ಹೆನ್ರಿಕ್ ನಿಯಮ ಬದಲಿಸಿದರು. ಡೆನ್ಮಾರ್ಕಿನ ಮುಖ್ಯ ಕಚೇರಿಯವರ ಜೊತೆ ಅದಕ್ಕಾಗಿ ವಾರಗಟ್ಟಲೆ ಫೋನಿನಲ್ಲಿ ಜಗಳವಾಡಿದರು. ಅಜ್ಜಿಯ ತಮಾಷೆಯನ್ನು ಆಮೇಲೆ ಯಾರೂ ಆಡಲಿಲ್ಲ.

ಆದರೆ ಧನಶೇಖರ ಬರಲಿಲ್ಲ. ಕಾಗದ ಕಳಿಸಿದೆವು, ಮುನುಸಾಮಿ ಹೋಗಿ ಕರೆದ. "ಸುಳ್ಳುಗಾರ ಅಂದ್ರು, ಹೋಗ್ಲಿ. ಸಾವಿಗೆ ಹೋದವನನ್ನ ಅರೆಬೆತ್ತಲೆ ಕೂರಿಸಿದ್ರಲ್ಲ" ಎಂದನಂತೆ. ಕೊನೆಗೂ ಅವನು ಕೆಲಸಕ್ಕೆ ಮರಳಲಿಲ್ಲ. ಎಣ್ಣೂರಿನ ಬಂದರಿನ ಕಡೆ ಯಾವುದೋ ಗುತ್ತಿಗೆದಾರನ ಹತ್ತಿರ ಕಡಿಮೆ ಸಂಬಳಕ್ಕೆ ಸೇರಿಕೊಂಡ ಎಂದು ಆಮೇಲೆ ಕೇಳಿದೆ. ಅಷ್ಟು ಒಳ್ಳೆಯ ಕೆಲಸಗಾರ ಹೀಗಾದನಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಅವನು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಹೆನ್ರಿಕ್ ನನ್ನನ್ನು ಕೇಳಿದರು, "ನಾನು ಅವನ ಮನೆಗೆ ಹೋಗಬಹುದೇ? ಅವನ ತಂದೆಯ ದುಃಖ ಕೇಳಲು. ತಡವಾಗಿದೆ, ಆದರೂ ಹೋಗಬಹುದೇ?" ದೊಡ್ಡಪ್ಪ ಎನ್ನಲಿಲ್ಲ, ತಂದೆ ಎಂದೇ ಅಂದರು. ಹೋಗಬಹುದು ಎಂದೆ.

ತಿರುವೊಟ್ಟಿಯೂರಿನಲ್ಲಿ ಸಮುದ್ರಕ್ಕೆ ತೀರಾ ಹತ್ತಿರ, ಅಲೆಯ ಸದ್ದು ಒಳಗೇ ಕೇಳುವಂಥ ಮನೆ. ಮಳೆ ಹನಿಯುತ್ತಲೇ ಇತ್ತು. ದಾರಿಯಲ್ಲಿ ಹೆನ್ರಿಕ್‌ಗೆ ಎಲ್ಲ ಹೇಳಿಕೊಟ್ಟಿದ್ದೆ. ಕೈ ಕುಲುಕಬೇಡಿ, ಶುಭಾಶಯ ಹೇಳಬೇಡಿ, ಕೆಲಸದ ಮಾತು ಬೇಡವೇ ಬೇಡ. ಅವರು ಶೂ ಬಿಚ್ಚಿ, ತಲೆ ಬಗ್ಗಿಸಿ ಒಳಗೆ ಹೋಗಿ, ಉದ್ದ ಕಾಲುಗಳನ್ನು ಹೇಗೋ ಮಡಚಿಕೊಂಡು ಸಿಮೆಂಟು ನೆಲದ ಮೇಲೆ ಕೂತರು. ಗೋಡೆಯ ಮೇಲೆ ದೊಡ್ಡಪ್ಪನ ಫೋಟೋ, ಕೆಳಗೆ ಸಣ್ಣ ದೀಪ. ಧನಶೇಖರ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ. ಬನ್ನಿ ಅನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅವನ ದೊಡ್ಡಮ್ಮ ಕನ್ನಿಯಮ್ಮ ಹಣೆಯಲ್ಲಿ ಏನೂ ಇಲ್ಲದೆ ಮೂಲೆಯಲ್ಲಿ ಕೂತಿದ್ದರು. ಬಂದವರು ಯಾರು ಎಂದು ಅವರಿಗೆ ಗೊತ್ತಿತ್ತು.

ಆಮೇಲೆ ಕನ್ನಿಯಮ್ಮನೇ ನನ್ನನ್ನು ಕೇಳಿದರು.

"ಇವರಮ್ಮ ಹೋದ್ರಂತಲ್ಲ. ಕಾರ್ಯ ಎಲ್ಲ ಸರಿಯಾಗಿ ಆಯ್ತಾ? ಇವರೇ ತಾನೇ ಮಾಡಿದ್ದು?"

ಅದನ್ನು ಹೆನ್ರಿಕ್‌ಗೆ ಹೇಳಿದೆ. ಅವರು ನೆಲ ನೋಡುತ್ತ, "ನಾನು ಹೋಗಲಿಲ್ಲ ಎಂದು ಹೇಳಿ" ಎಂದರು.

ಹೇಳಿದೆ. ಮುದುಕಿಗೆ ಅರ್ಥವಾಗಲಿಲ್ಲ. "ಹೋಗ್ಲಿಲ್ಲಾ? ಹೆತ್ತ ತಾಯಿಗಾ? ಯಾಕೆ?"

"ಕೆಲಸ ಇತ್ತು" ಎಂದೆ.

"ಅಂಥದ್ದೇನು ಕೆಲಸ?"

ಏನು ಕೇಳಿದರು ಎಂದು ಹೆನ್ರಿಕ್ ನನ್ನ ಕಡೆ ನೋಡಿದರು. ಹೇಳಿದೆ. ಅವರು ಕತ್ತೆತ್ತಿ ಬಾಗಿಲಲ್ಲಿ ನಿಂತಿದ್ದ ಧನಶೇಖರನನ್ನು ನೋಡಿದರು.

"ಅವರ ಮಗನ ವಿಚಾರಣೆ ಇತ್ತು ಎಂದು ಹೇಳಿ. ಅದೇ ದಿನ, ಅದೇ ಹೊತ್ತಿನಲ್ಲಿ. ಮುಚ್ಚಿಡಬೇಡಿ, ಹೇಳಿ."

ಹೇಳಿದೆ. ಧನಶೇಖರ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಬೈಯುತ್ತಾರೆ, ಎದ್ದು ಹೋಗಿ ಅನ್ನುತ್ತಾರೆ ಎಂದುಕೊಂಡು ನಾನು ಕಣ್ಣು ಮುಚ್ಚಿಕೊಂಡೆ. ಕನ್ನಿಯಮ್ಮ ನೆಲದ ಮೇಲೆ ಕೈ ಊರಿಕೊಂಡು ಹೆನ್ರಿಕ್ ಹತ್ತಿರಕ್ಕೆ ಸರಿದು ಬಂದರು. ಅವರ ಒದ್ದೆ ತಲೆಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಲ್ಲಿ ತಮ್ಮ ಎದೆ ಬಡಿದುಕೊಂಡು, ಸಾವಿನ ಮನೆಯಲ್ಲಿ ಹೆಂಗಸರು ಹಾಡಿ ಅಳುವ ಹಾಗೆ ದೊಡ್ಡದಾಗಿ ಅಳಲು ಶುರು ಮಾಡಿದರು.

"ಅಯ್ಯೋ ತಾಯೀ, ಯಾವ ಊರಲ್ಲಿದ್ಯೋ ತಾಯೀ, ನೀನು ಹೋಗೋ ಹೊತ್ತಲ್ಲಿ ನಿನ್ನ ಮಗನ್ನ ನಾವು ಇಲ್ಲಿ ಹಿಡಿದಿಟ್ಕೊಂಡ್ವಲ್ಲೇ! ನಿನ್ನ ಮಗನ್ನ ನಿನ್ನ ಹತ್ರ ಕಳಿಸಲಿಲ್ವಲ್ಲೇ!"

ಹೆನ್ರಿಕ್ ಗಾಬರಿಯಿಂದ ನನ್ನ ಕಡೆ ತಿರುಗಿ ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಧನಶೇಖರ ಬಾಗಿಲು ಬಿಟ್ಟು ಬಂದು ಅವರ ಪಕ್ಕ ನೆಲದ ಮೇಲೆ ಕುಕ್ಕರಿಸಿದ. ಕಾರ್ಖಾನೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಹುಡುಕಿಕೊಂಡು, ತಾನೇ ಹೇಳಿದ.

"ಶೀ ಸೇಯಿಂಗ್ ಸಾರಿ, ಸಾರ್. ಟು ಯುವರ್ ಮದರ್."